ಮಳೆನೀರಿನ ತೊಟ್ಟಿಯನ್ನು ಎಷ್ಟು ಎತ್ತರದಲ್ಲಿ ಇಡಬೇಕು?

ಹಸಿರುಮನೆಯ ಗಿಡಗಳ ಪಾಡು ವಿಚಿತ್ರ. ಹೊರಗೆ ಧೋ ಎಂದು ಮಳೆ ಸುರಿದರೂ ಅವುಗಳ ಬುಡಕ್ಕೆ ಒಂದು ಹನಿ ಬೀಳುವುದಿಲ್ಲ. ಬಾಯಾರಿಕೆ ಹೆಚ್ಚುವುದೋ, ಮೋಡವೇ ಇಲ್ಲದ ಸುಡುಬಿಸಿಲಿನ ದಿನ. ಚಾವಣಿಯ ಮೇಲೆ ಬಿದ್ದ ನೀರನ್ನು ಆ ದಿನಕ್ಕೆಂದು ಹಿಡಿದಿಡುವುದು ಸಹಜವಾದ ಉಪಾಯ. 1 ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆಯಾದರೆ 1 ಲೀಟರ್ ನೀರು. 20 ಚದರ ಮೀಟರ್ ನೆಲವನ್ನು ಮುಚ್ಚಿದ ಚಾವಣಿಯಿಂದ 10 ಮಿ.ಮೀ. ಮಳೆಗೆ 200 ಲೀಟರ್. ಸೋರಿದ್ದು, ಸಿಡಿದದ್ದು ಕಳೆದು ಸ್ವಲ್ಪ ಕಡಿಮೆ.

ಇದು ಎಷ್ಟು ದಿನಕ್ಕೆ ಬಂದೀತು? ಗಿಡ ಹೀರಿದ ನೀರಿನ ಬಹುಪಾಲು ಎಲೆಗಳಿಂದ ಆವಿಯಾಗಿ ಹೋಗುತ್ತದೆ, ಒಂದು ಲೀಟರ್ ಆವಿಯಾಗಲು ಸುಮಾರು 2.45 ಮೆಗಾಜೂಲ್ ಶಕ್ತಿ ಬೇಕು. ಹೊದಿಕೆಯನ್ನು ದಾಟಿ ದಿನಕ್ಕೆ ಚದರ ಮೀಟರಿಗೆ 12 ಮೆಗಾಜೂಲ್ ಬಿಸಿಲು ಒಳಬಂತು, ಅದೆಲ್ಲ ಆವಿ ಮಾಡುವುದಕ್ಕೇ ವೆಚ್ಚವಾಯಿತು ಎಂದುಕೊಳ್ಳಿ: ಸುಮಾರು 5 ಲೀಟರ್. 12 ಚದರ ಮೀಟರಿನಷ್ಟು ಗಿಡಗಳು ದಟ್ಟವಾಗಿ ಬೆಳೆದಿದ್ದರೆ ದಿನಕ್ಕೆ 60 ಲೀಟರ್. ನಾಲ್ಕನೆಯ ದಿನ ಡ್ರಮ್ ಖಾಲಿ.

ಆದರೆ ಹೆಚ್ಚಿನವರು ಎಡವುವುದು ತೊಟ್ಟಿಯ ಗಾತ್ರದಲ್ಲಲ್ಲ, ಎತ್ತರದಲ್ಲಿ. ನೀರಿನ ಒತ್ತಡ ಅದು ಎಷ್ಟಿದೆ ಎಂಬುದರಿಂದ ಬರುವುದಿಲ್ಲ, ಎಷ್ಟು ಮೇಲಿದೆ ಎಂಬುದರಿಂದ ಬರುತ್ತದೆ. ಒತ್ತಡವನ್ನು ಬಾರ್ ಎಂಬ ಮಾನದಲ್ಲಿ ಅಳೆದರೆ 10 ಮೀಟರಿಗೆ ಸುಮಾರು 1 ಬಾರ್, 1 ಮೀಟರಿಗೆ ಅದರ ಹತ್ತನೇ ಒಂದು ಪಾಲು. ಗಿಡದ ಬುಡಕ್ಕೆ ಹನಿಹನಿಯಾಗಿ ನೀರು ಬಿಡುವ ಸಾಮಾನ್ಯ ಡ್ರಿಪ್ಪರ್‌ಗಳನ್ನು 1 ಬಾರ್ ಆಸುಪಾಸಿನ ಒತ್ತಡಕ್ಕೆ ಮಾಡಿರುತ್ತಾರೆ. ತೊಟ್ಟಿಯಿಂದ ತಾನಾಗಿ ಇಳಿಯುವ ನೀರಿಗೆ ಕಡಿಮೆ ಒತ್ತಡದಲ್ಲೂ ಹನಿಸುವಂಥವನ್ನೇ ಕೇಳಿ ತರಬೇಕು.

ಇನ್ನೊಂದು ತೊಡಕು: ಡ್ರಿಪ್ಪರಿನ ಹರಿವು ಹೆಚ್ಚುಕಡಿಮೆ ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಇಳಿಯುತ್ತದೆ. 1 ಮೀಟರ್ ಎತ್ತರದ ಡ್ರಮ್ಮನ್ನು ಡ್ರಿಪ್ಪರ್‌ಗಳ ಮಟ್ಟಕ್ಕಿಂತ ಕಾಲು ಮೀಟರ್ ಮೇಲಿಟ್ಟರೆ, ಅದು ಖಾಲಿಯಾಗುವ ಹೊತ್ತಿಗೆ ಹರಿವು ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ಅದೇ ಡ್ರಮ್ಮನ್ನು 1 ಮೀಟರ್ ಮೇಲಿಟ್ಟರೆ ನೂರಕ್ಕೆ ಎಪ್ಪತ್ತರಷ್ಟು ಉಳಿಯುತ್ತದೆ. ಆದರೆ ಮನಸ್ಸಿಗೆ ಬಂದಷ್ಟು ಎತ್ತರಿಸುವಂತಿಲ್ಲ, ತೊಟ್ಟಿಯ ಬಾಯಿ ಸೂರಿನ ದೋಣಿಗಿಂತ ಕೆಳಗೇ ಇರಬೇಕು. ಹಾಗಾಗಿ ಉದ್ದನೆಯ ಡ್ರಮ್ಮಿಗಿಂತ ಗಿಡ್ಡ, ಅಗಲ ತೊಟ್ಟಿಯೇ ಮೇಲು ಎನ್ನುವವನು ನಾನು: ನೀರಿನ ಮಟ್ಟ ನಿಧಾನವಾಗಿ ಇಳಿಯುತ್ತದೆ. ಕಟ್ಟೆ ಮಾತ್ರ ಗಟ್ಟಿಯಿರಲಿ. 200 ಲೀಟರ್ ಎಂದರೆ 200 ಕಿಲೋ.

ಚೊಕ್ಕಟದ ಮಾತು ಇಷ್ಟೇ. ಚಾವಣಿಯ ಧೂಳು, ಹಕ್ಕಿಯ ಹಿಕ್ಕೆ ಹೊತ್ತು ಬರುವ ಮೊದಲ ಮಳೆಯನ್ನು ಹೊರಗೆ ಬಿಡಿ. ಬೆಳಕು ತೂರದ ತೊಟ್ಟಿಯಲ್ಲಿ ಪಾಚಿ ಬೆಳೆಯದು, ಬಾಯಿಗೆ ಸಣ್ಣ ಕಣ್ಣಿನ ಬಲೆ ಬಿಗಿದರೆ ಸೊಳ್ಳೆ ಮೊಟ್ಟೆಯಿಡದು. ನಲ್ಲಿಯನ್ನು ತಳಕ್ಕಿಂತ ನಾಲ್ಕು ಬೆರಳು ಮೇಲೆ ಕೂರಿಸಿ, ಕೆಸರು ಕೆಳಗೇ ಉಳಿಯುತ್ತದೆ. ಮಳೆನೀರಿನಲ್ಲಿ ಸುಣ್ಣದಂಶ ತೀರಾ ಕಡಿಮೆ, ಗಡಸು ನೀರಿನಂತೆ ಡ್ರಿಪ್ಪರಿನ ಕಿರುಬಾಯಿಯಲ್ಲಿ ಬಿಳಿ ಗಟ್ಟಿ ಕಟ್ಟುವುದಿಲ್ಲ.

ಹೊತ್ತಿಗೆ ಸರಿಯಾಗಿ ನೀರು ಬಿಟ್ಟು ನಿಲ್ಲಿಸುವ ಟೈಮರ್ ಕೊಳ್ಳುವಾಗಲೂ ಒತ್ತಡವನ್ನು ನೆನಪಿಡಿ. ವಿದ್ಯುತ್ಕಾಂತದಿಂದ ತೆರೆದು ಮುಚ್ಚುವ ಹಲವು ಸೊಲೆನಾಯ್ಡ್ ವಾಲ್ವ್‌ಗಳು ನೀರಿನ ಒತ್ತಡದ ನೆರವಿಲ್ಲದೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಪುಟ್ಟ ಮೋಟಾರು ತಿರುಗಿಸುವ ಬಾಲ್ ವಾಲ್ವ್‌ಗೆ ಆ ಹಂಗಿಲ್ಲ. ಎಲ್ಲ ಜೋಡಿಸಿದ ಮೇಲೆ ತೊಟ್ಟಿಗೆ ತೀರ ಹತ್ತಿರದ ಡ್ರಿಪ್ಪರಿನ ಕೆಳಗೊಂದು, ತುದಿಯದರ ಕೆಳಗೊಂದು ಲೋಟ ಇಟ್ಟು ಹತ್ತು ನಿಮಿಷ ನೀರು ಬಿಡಿ. ತುದಿಯ ಲೋಟದಲ್ಲಿ ತೀರ ಕಡಿಮೆ ನೀರಿದ್ದರೆ, ತೊಟ್ಟಿಯ ಕೊಳವೆಯನ್ನು ಸಾಲಿನ ಒಂದು ತುದಿಗೆ ಕೊಡುವ ಬದಲು ನಟ್ಟನಡುವೆ ಸೇರಿಸಿ ನೋಡಿ.