ಯಂತ್ರದ ಕಣ್ಣು, ತುಪ್ಪದ ಡಬ್ಬಿ

2010ರ ಜನವರಿ 5ರಂದು ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ವಿಮಾನ ನಿಲ್ದಾಣವನ್ನು ಮುಚ್ಚಿಸಿದ್ದು ಐದು ಬಾಟಲಿ ಜೇನುತುಪ್ಪ. ಪ್ರಯಾಣಿಕನೊಬ್ಬನ ಚೆಕ್-ಇನ್ ಬ್ಯಾಗನ್ನು ಒರೆಸಿ ಪರೀಕ್ಷಿಸಿದಾಗ ಯಂತ್ರ 'ಸ್ಫೋಟಕ' ಎಂದಿತು. ಬಿಚ್ಚಿ ನೋಡಿದರೆ ತಂಪುಪಾನೀಯದ ಬಾಟಲಿಗಳಲ್ಲಿ ಹೊಂಬಣ್ಣದ ದ್ರವ. ಮುಚ್ಚಳ ತೆರೆದ ಇಬ್ಬರು ಸಿಬ್ಬಂದಿ ವಾಸನೆಗೇ ಓಕರಿಕೆ ಬಂದು ಆಸ್ಪತ್ರೆ ಸೇರಿದರು. ವಿಮಾನಗಳು ನಿಂತವು, ಜನರನ್ನು ಹೊರಗೆ ಕಳಿಸಿದರು. ಎಷ್ಟೋ ಹೊತ್ತಿನ ಮೇಲೆ ತಿಳಿದದ್ದು, ಅದು ಬರೀ ಜೇನು ಅಂತ.

ಒರೆಸುವ ಪರೀಕ್ಷೆಯ ಮಾತು ಹಾಗಿರಲಿ, ಎಕ್ಸ್-ರೇ ಕಣ್ಣಿಗೂ ಜೇನು ಸಂಶಯದ ವಸ್ತುವೇ. ನೀರಿನ ಸಾಂದ್ರತೆ ಮಿಲಿಲೀಟರಿಗೆ 1 ಗ್ರಾಂ. ಜೇನಿನದು ಸುಮಾರು 1.4. ಅಪ್ಪಟ ಹೈಡ್ರೋಜನ್ ಪೆರಾಕ್ಸೈಡಿನದು 1.45. ಈ ಪೆರಾಕ್ಸೈಡ್ ಯಾಕೆ ಮುಖ್ಯ ಅನ್ನುವುದಕ್ಕೆ 2006ಕ್ಕೆ ಹೋಗಬೇಕು.

ಆ ವರ್ಷ ಆಗಸ್ಟ್ 10ರ ಬೆಳಿಗ್ಗೆ ಬ್ರಿಟನ್ನಿನ ಪೊಲೀಸರು ಒಂದು ಸಂಚನ್ನು ಬಯಲು ಮಾಡಿದರು. ತಂಪುಪಾನೀಯದ ಬಾಟಲಿಗಳಲ್ಲಿ ಪೆರಾಕ್ಸೈಡ್ ಆಧಾರಿತ ದ್ರವ ಸ್ಫೋಟಕವನ್ನು ತುಂಬಿ, ಅಟ್ಲಾಂಟಿಕ್ ದಾಟುವ ಹಲವು ವಿಮಾನಗಳನ್ನು ಒಟ್ಟಿಗೇ ಉರುಳಿಸುವ ಯೋಜನೆ ಅದು. ಅಂದು ಬ್ರಿಟನ್ನಿನಿಂದ ಹೊರಟವರು ಕೈಯಲ್ಲಿ ಪುಸ್ತಕವನ್ನೂ ಒಯ್ಯುವಂತಿರಲಿಲ್ಲ. ಪಾಸ್‌ಪೋರ್ಟು, ಪರ್ಸು ಎಲ್ಲ ಪಾರದರ್ಶಕ ಚೀಲದಲ್ಲಿ. ಮಗುವಿನ ಹಾಲನ್ನು ಜೊತೆಗಿದ್ದವರು ಸಿಬ್ಬಂದಿಯ ಎದುರೇ ಕುಡಿದು ತೋರಿಸಬೇಕಿತ್ತು.

ಹೀಗೇ ಇದ್ದರೆ ವಿಮಾನಯಾನವೇ ನಿಲ್ಲುತ್ತಿತ್ತು. ಸೆಪ್ಟೆಂಬರ್ 26ಕ್ಕೆ ಅಮೆರಿಕ, ನವೆಂಬರ್ 6ಕ್ಕೆ ಯುರೋಪಿನ ಒಕ್ಕೂಟ, ಇಂದು ನಮಗೆಲ್ಲ ಬಾಯಿಪಾಠವಾಗಿರುವ ಸೂತ್ರವನ್ನು ತಂದವು: ಒಂದೊಂದು ಡಬ್ಬಿ 100 ಮಿಲಿಲೀಟರ್ ಮೀರಬಾರದು, ಎಲ್ಲವೂ ಸುಮಾರು ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಸಬೇಕು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಇದನ್ನೇ ಎಲ್ಲ ದೇಶಗಳಿಗೂ ಶಿಫಾರಸು ಮಾಡಿತು. 99 ಮಿಲಿ ನಿರಪಾಯ, 101 ಮಿಲಿ ಅಪಾಯ ಎಂದು ಯಾವ ರಸಾಯನಶಾಸ್ತ್ರವೂ ಹೇಳುವುದಿಲ್ಲ. ವಿಮಾನಕ್ಕೆ ಧಕ್ಕೆ ತರುವಷ್ಟು ದ್ರವ ಒಬ್ಬನ ಕೈಗೆ ಸುಲಭವಾಗಿ ಸೇರಬಾರದು, ಜನರ ಶಾಂಪೂ ಪೇಸ್ಟೂ ನಿಲ್ಲಬಾರದು ಅನ್ನುವ ಎರಡರ ನಡುವಿನ ರಾಜಿ ಅಷ್ಟೆ.

ದ್ರವದ ಅಪಾಯ 2006ರಲ್ಲಿ ಹೊಸದಾಗಿ ಗೊತ್ತಾದದ್ದೂ ಅಲ್ಲ. 1987ರಲ್ಲಿ ಅಂಡಮಾನ್ ಸಮುದ್ರದ ಮೇಲೆ ಕೊರಿಯನ್ ಏರ್ 858 ವಿಮಾನ ಸ್ಫೋಟಗೊಂಡು 115 ಜನ ಸತ್ತಾಗ ಮದ್ಯದ ಬಾಟಲಿಯಲ್ಲಿ ದ್ರವ ಸ್ಫೋಟಕವಿತ್ತು. 1994ರಲ್ಲಿ ಫಿಲಿಪೀನ್ಸ್ ಏರ್‌ಲೈನ್ಸ್ 434ರಲ್ಲಿ ಕಾಂಟ್ಯಾಕ್ಟ್ ಲೆನ್ಸ್ ದ್ರಾವಣದ ಬಾಟಲಿ. ಆದರೂ ನಿಯಮ ಬರಲಿಲ್ಲ. ಯಂತ್ರಗಳು ನೀರಿನ ಬಾಟಲಿಯನ್ನೂ ಅಂಥ ಬಾಟಲಿಯನ್ನೂ ಬೇರ್ಪಡಿಸಲಾರವು ಅನ್ನುವುದು ಆಗಲೂ ನಿಜವೇ ಆಗಿತ್ತು, ಕೇಳುವವರಿರಲಿಲ್ಲ.

ಯಾಕೆ ಬೇರ್ಪಡಿಸಲಾರವು? ಹಳೆಯ ಎಕ್ಸ್-ರೇ ಯಂತ್ರ ಒಂದು ಬಗೆಯ ತೊಗಲುಗೊಂಬೆ ಆಟ. ಕಿರಣದ ಎದುರಿಗೆ ಬಂದದ್ದೆಲ್ಲ ಪರದೆಯ ಮೇಲೆ ಒಂದರ ಮೇಲೊಂದು ನೆರಳಾಗಿ ಬೀಳುತ್ತದೆ. ಎರಡು ಬೇರೆ ಬೇರೆ ಶಕ್ತಿಯ ಕಿರಣ ಹಾಯಿಸಿ, ವಸ್ತುವಿನ ಪರಮಾಣುಗಳು ಹಗುರವೋ ಭಾರವೋ ಎಂದು ಅದು ಅಂದಾಜು ಮಾಡಿ ಬಣ್ಣ ಹಚ್ಚುತ್ತದೆ. ಲೋಹ ನೀಲಿ, ಸಾವಯವ ವಸ್ತು ಕಿತ್ತಳೆ. ನೀರೂ ಹೈಡ್ರೋಜನ್ ಪೆರಾಕ್ಸೈಡೂ ಎರಡೂ ಜಲಜನಕ, ಆಮ್ಲಜನಕಗಳಿಂದಲೇ ಆದವು. ಪೆರಾಕ್ಸೈಡಿನಲ್ಲಿ ಒಂದು ಆಮ್ಲಜನಕ ಹೆಚ್ಚು, ಅಷ್ಟೇ. ಪರಮಾಣು ಲೆಕ್ಕದಲ್ಲಿ ಅವು ಅಣ್ಣತಮ್ಮಂದಿರು. ಬೇರೆ ಮಾಡಲು ಸಾಂದ್ರತೆ ಬೇಕು, ಸಾಂದ್ರತೆಗೆ ಬಾಟಲಿಯ ದಪ್ಪ ಗೊತ್ತಿರಬೇಕು, ನೆರಳಿನಲ್ಲಿ ದಪ್ಪ ಕಾಣದು. ಹಾಗಾಗಿ ನಿಯಮವೇ ಯಂತ್ರದ ಕುರುಡಿಗೆ ಊರುಗೋಲಾಯಿತು.

ದೇಶದಿಂದ ದೇಶಕ್ಕೆ ನಿಯಮ ಬದಲಾಗುವುದು ನನಗೆ ಹಾಗೇ ಕಾಣುತ್ತದೆ: ಅಲ್ಲಿಯ ಯಂತ್ರಕ್ಕೆ ಏನು ಕಾಣುತ್ತದೆ, ಅಲ್ಲಿಯ ಜನ ಏನನ್ನು ಮರೆತಿಲ್ಲ, ಇವೆರಡರ ಗುರುತು. ಚೀನಾದಲ್ಲಿ 2008ರ ಮಾರ್ಚಿನಲ್ಲಿ ಉರುಮ್ಚಿಯಿಂದ ಹೊರಟ ವಿಮಾನದೊಳಗೆ ಪಾನೀಯದ ಕ್ಯಾನಿನಲ್ಲಿ ಪೆಟ್ರೋಲು ಸಿಕ್ಕಿತು. ಒಂದೇ ವಾರದಲ್ಲಿ ಒಳನಾಡಿನ ವಿಮಾನಗಳಲ್ಲೂ ದ್ರವಕ್ಕೆ ನಿಷೇಧ ಬಂತು, ಸೌಂದರ್ಯವರ್ಧಕಗಳಿಗೆ ಮಾತ್ರ ಸ್ವಲ್ಪ ರಿಯಾಯಿತಿ. ಜಪಾನಿನ ಒಳನಾಡಿನ ಪ್ರಯಾಣದಲ್ಲಿ ಚಹಾದ ಬಾಟಲಿಯನ್ನು ಒಂದು ಪುಟ್ಟ ಯಂತ್ರದ ಮೇಲಿಟ್ಟು ನೋಡಿ ಹಿಂದಿರುಗಿಸುತ್ತಾರೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಒಳನಾಡಿಗೆ ಮಿತಿಯೇ ಇಲ್ಲ, ಹೊರದೇಶಕ್ಕೆ ಹೊರಟರೆ ಮಾತ್ರ 100 ಮಿಲಿ. ಅಮೆರಿಕದಲ್ಲಿ ಪಕ್ಕದ ಊರಿಗೆ ಹಾರಿದರೂ ಅದೇ ಮಿತಿ. ನಮ್ಮಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ಹೊರಟವರ ನೀರಿನ ಬಾಟಲಿ ಸಾಮಾನ್ಯವಾಗಿ ತಡೆಯಿಲ್ಲದೆ ಹೋಗುತ್ತದೆ. ಅದೇ ಮಂಗಳೂರಿನಿಂದ ದುಬೈಗೆ ಹೊರಟರೆ ಬಾಟಲಿ ಬುಟ್ಟಿ ಸೇರುತ್ತದೆ. ನೀರು ಅದೇ, ಬಾಯಾರಿಕೆಯೂ ಅದೇ.

ಇನ್ನು 'ದ್ರವ' ಎಂದರೆ ಏನು ಅನ್ನುವ ಪ್ರಶ್ನೆ. ನಮ್ಮ ಚಿಕ್ಕಮ್ಮ ಮಗಳ ಬಾಣಂತನಕ್ಕೆ ಹೊರಟವರು ಚಳಿಗಾಲದ ಒಂದು ನಸುಕಿನಲ್ಲಿ ತುಪ್ಪದ ಡಬ್ಬಿಯೊಂದಿಗೆ ಸೆಕ್ಯುರಿಟಿಯಲ್ಲಿ ಸಿಕ್ಕಿಬಿದ್ದರು. "ಇದು ಗಟ್ಟಿ ಕಣಪ್ಪಾ, ಬೋರಲು ಹಾಕಿದರೂ ಬೀಳಲ್ಲ, ನೋಡು" ಎಂದು ಡಬ್ಬಿಯನ್ನು ತಲೆಕೆಳಗು ಮಾಡಿ ತೋರಿಸಿದರಂತೆ. ಸಿಬ್ಬಂದಿ ನಕ್ಕರು, ಬಿಡಲಿಲ್ಲ. ಭೌತಶಾಸ್ತ್ರ ಚಿಕ್ಕಮ್ಮನ ಪರವೂ ಇಲ್ಲ, ಸಿಬ್ಬಂದಿಯ ಪರವೂ ಇಲ್ಲ. ತುಪ್ಪ ಹಲವು ಕೊಬ್ಬುಗಳ ಬೆರಕೆ. ಮಂಜುಗಡ್ಡೆಯ ಹಾಗೆ ಅದಕ್ಕೆ ಒಂದೇ ಕರಗುವ ಬಿಂದುವಿಲ್ಲ, ಹಂತಹಂತವಾಗಿ ಮೆದುವಾಗುತ್ತ ಹೋಗುತ್ತದೆ. ಚಟ್ನಿ, ಗೊಜ್ಜು, ಟೂತ್‌ಪೇಸ್ಟು ಇನ್ನೊಂದು ಜಾತಿ. ಒಂದು ಮಟ್ಟದ ಒತ್ತಡ ಬೀಳುವ ತನಕ ಘನದಂತೆ ಕೂತಿರುತ್ತವೆ, ಒತ್ತಿದರೆ ಹರಿಯುತ್ತವೆ. ಅಮೆರಿಕದ ಭದ್ರತಾ ಇಲಾಖೆ ಶೇಂಗಾ ಬೆಣ್ಣೆಯನ್ನೂ ದ್ರವದ ಪಟ್ಟಿಗೇ ಸೇರಿಸಿದೆ. ಅಲ್ಲೇ, ಪೂರ್ತಿ ಹೆಪ್ಪುಗಟ್ಟಿದ ಐಸ್‌ಪ್ಯಾಕಿಗೆ ಅನುಮತಿಯುಂಟು, ತಳದಲ್ಲಿ ಸ್ವಲ್ಪ ನೀರಾಡಿದರೆ ಇಲ್ಲ. ಇದೆಲ್ಲಕ್ಕಿಂತ ನನಗೆ ಅರ್ಥವಾಗದ್ದು, 200 ಮಿಲಿಯ ಟ್ಯೂಬಿನ ತಳದಲ್ಲಿ ಚೂರು ಪೇಸ್ಟು ಉಳಿದಿದ್ದರೂ ಬಿಡುವುದಿಲ್ಲ ಅನ್ನುವುದು. ಅಳೆಯುವುದು ಡಬ್ಬಿಯನ್ನು, ಒಳಗಿನದನ್ನಲ್ಲ. ಸಾಲಿನಲ್ಲಿ ನಿಂತ ಸಾವಿರ ಜನರ ಟ್ಯೂಬು ತೂಗುವುದು ಆಗದ ಕೆಲಸ, ಒಪ್ಪುತ್ತೇನೆ. ಆದರೂ.

ಹಾಗಾದರೆ ಚಟ್ನಿಪುಡಿಯೇ ಕ್ಷೇಮ ಎನ್ನುವ ಹಾಗೂ ಇಲ್ಲ. 2018ರ ಜೂನ್ 30ರಿಂದ ಅಮೆರಿಕಕ್ಕೆ ಹೋಗುವ ಅಂತರರಾಷ್ಟ್ರೀಯ ವಿಮಾನಗಳಲ್ಲಿ 350 ಮಿಲಿಗಿಂತ ಹೆಚ್ಚಿನ ಪುಡಿಗೆ ಹೆಚ್ಚುವರಿ ತಪಾಸಣೆಯುಂಟು. ಆಸ್ಟ್ರೇಲಿಯಾ ಕೂಡ ಅದೇ ಕಾಲಕ್ಕೆ ಅದೇ ಅಳತೆ ತಂದಿತು, ಆದರೆ ಉಪ್ಪು, ಟಾಲ್ಕಮ್ಮಿನಂಥ ನಿರವಯವ ಪುಡಿಗಳಿಗೆ ಮಾತ್ರ.

ಯಂತ್ರಗಳಿಗೆ ಕಣ್ಣು ಬಂದ ಕತೆಯಲ್ಲಿ ನಮ್ಮ ಬೆಂಗಳೂರಿನ ನಂಟೂ ಇದೆ. 1928ರಲ್ಲಿ, ಬೆಂಗಳೂರಿಗೆ ಬರುವ ಮೊದಲು, ಕೋಲ್ಕತ್ತದಲ್ಲಿದ್ದ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಸೂರ್ಯನ ಬೆಳಕನ್ನು ದ್ರವಗಳಲ್ಲಿ ಹಾಯಿಸಿ, ಚದುರಿದ ಬೆಳಕಿನ ಅತಿ ಸಣ್ಣ ಪಾಲು ಬಣ್ಣ ಬದಲಿಸುವುದನ್ನು ಕಂಡರು. 'ನೇಚರ್' ಪತ್ರಿಕೆಗೆ ಕಳಿಸಿದ ಟಿಪ್ಪಣಿಯಲ್ಲಿ ಸುಮಾರು 60 ಸಾಮಾನ್ಯ ದ್ರವಗಳನ್ನು ಪರೀಕ್ಷಿಸಿರುವುದಾಗಿ ಬರೆದರು. ಅಣುವಿನ ಬಂಧಗಳು ತಮ್ಮದೇ ಲಯದಲ್ಲಿ ಕಂಪಿಸುತ್ತವೆ, ಬದಲಾದ ಬಣ್ಣದಲ್ಲಿ ಆ ಲಯದ ಗುರುತಿರುತ್ತದೆ. ಪೆರಾಕ್ಸೈಡಿನಲ್ಲಿ ಎರಡು ಆಮ್ಲಜನಕಗಳ ನಡುವೆ ಬಂಧವಿದೆ, ನೀರಿನಲ್ಲಿ ಅದು ಇಲ್ಲವೇ ಇಲ್ಲ. ಎಕ್ಸ್-ರೇ ಕಣ್ಣಿಗೆ ಅಣ್ಣತಮ್ಮಂದಿರಾದವರು ಇಲ್ಲಿ ಅಪರಿಚಿತರು. ತೊಡಕೊಂದೇ: ಬಾಟಲಿಯ ಪ್ಲಾಸ್ಟಿಕ್ಕೂ ತನ್ನ ಬಣ್ಣ ಬೆರೆಸುತ್ತದೆ. ಬ್ರಿಟನ್ನಿನ ರುದರ್‌ಫರ್ಡ್ ಆಪಲ್‌ಟನ್ ಪ್ರಯೋಗಾಲಯದಲ್ಲಿ ಪಾವೆಲ್ ಮಟೌಸೆಕ್ ಮತ್ತು ಜೊತೆಗಾರರು ಲೇಸರ್ ಬಿದ್ದ ಜಾಗದಲ್ಲಲ್ಲ, ಅದರ ಪಕ್ಕದಲ್ಲಿ ಹೊರಬರುವ ಬೆಳಕನ್ನು ಹಿಡಿದರು. ಪಕ್ಕಕ್ಕೆ ಸರಿದಷ್ಟೂ ಆ ಬೆಳಕು ಒಳಗಿನ ಆಳದಿಂದ ಬಂದದ್ದು. ಇದರಿಂದ ಹುಟ್ಟಿದ ಬಾಟಲಿ ಪರೀಕ್ಷಕ ಯಂತ್ರಕ್ಕೆ 2014ರಲ್ಲಿ ಬ್ರಿಟನ್ನಿನ ಎಂಜಿನಿಯರಿಂಗ್ ಪ್ರಶಸ್ತಿಯಾದ ಮ್ಯಾಕ್‌ರಾಬರ್ಟ್ ಬಂತು. ಅದೇ ವರ್ಷದ ಜನವರಿ ಕೊನೆಯಿಂದ, ಮೊಹರು ಹಾಕಿದ ಡ್ಯೂಟಿ-ಫ್ರೀ ಬಾಟಲಿಗಳನ್ನು ಯುರೋಪಿನಲ್ಲಿ ವಿಮಾನ ಬದಲಿಸುವವರು, ತಪಾಸಣೆಯ ನಂತರ, ಒಯ್ಯುವಂತಾಯಿತು. ಆದರೆ ಈ ಯಂತ್ರಕ್ಕೆ ಒಂದೊಂದೇ ಬಾಟಲಿ ಒಡ್ಡಬೇಕು, ಲೋಹದ ಡಬ್ಬಿಯ ಒಳಗೆ ಅದಕ್ಕೆ ಕಾಣದು.

ಇಡೀ ಬ್ಯಾಗನ್ನು ಒಮ್ಮೆಗೇ ನೋಡುವುದು ಆಸ್ಪತ್ರೆಯಲ್ಲಿರುವಂಥ ಸಿ.ಟಿ. ಸ್ಕ್ಯಾನ್ ಯಂತ್ರ. ಸುತ್ತಲಿಂದ ನೆರಳು ಹಿಡಿದು, ಬ್ಯಾಗಿನ ಒಂದೊಂದು ಚುಕ್ಕೆಯ ಸಾಂದ್ರತೆಯನ್ನೂ ಲೆಕ್ಕ ಹಾಕುತ್ತದೆ. ಇದನ್ನು ನಂಬಿ ಹಲವು ಯುರೋಪಿಯನ್ ನಿಲ್ದಾಣಗಳು ಮಿತಿಯನ್ನು ಕೈಬಿಟ್ಟಿದ್ದವು. ಕೆಲವು ಯಂತ್ರಗಳ ವಿಶ್ವಾಸಾರ್ಹತೆಯ ಪ್ರಶ್ನೆ ಎದ್ದು 2024ರ ಸೆಪ್ಟೆಂಬರ್ 1ರಿಂದ 100 ಮಿಲಿ ಮತ್ತೆ ಬಂತು. 2025ರ ಜುಲೈನಲ್ಲಿ ಎಡಿನ್‌ಬರೋ ನಿಲ್ದಾಣ ಎರಡು ಲೀಟರ್ ತನಕ ಬಿಟ್ಟಿತು. ಹೋಗುವಾಗ ಅಲ್ಲಿ ದೊಡ್ಡ ಬಾಟಲಿ ದಾಟಿಸಿದವರು ಬರುವಾಗ ಇನ್ನೊಂದೂರಿನಲ್ಲಿ ಅದನ್ನೇ ಬುಟ್ಟಿಗೆ ಹಾಕಬೇಕಾಗಬಹುದು. ನಿಯಮ ಹಿಂಬಾಲಿಸುವುದು ಪ್ರಯಾಣಿಕನನ್ನಲ್ಲ, ಯಂತ್ರವನ್ನು.

ನಮ್ಮಲ್ಲಿ ಇದರ ಸೊಗಸಾದ ಉದಾಹರಣೆ ಶಬರಿಮಲೆಯ ಇರುಮುಡಿ. ಅದರಲ್ಲಿ ತುಪ್ಪ ತುಂಬಿ ಬಾಯಿ ಮುಚ್ಚಿದ ತೆಂಗಿನಕಾಯಿ ಇರುತ್ತದೆ. ವಿಮಾನದ ಕೈಚೀಲದಲ್ಲಿ ತೆಂಗಿನಕಾಯಿಗೆ ಪ್ರವೇಶವಿರಲಿಲ್ಲ. 2024ರ ಅಕ್ಟೋಬರಿನಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಯಾತ್ರೆಯ ಋತುವಿಗೆಂದು, 2025ರ ಜನವರಿ 20ರ ವರೆಗೆ, ಅದನ್ನು ಬಿಟ್ಟಿತು. ಷರತ್ತು ಮೂರು: ಎಕ್ಸ್-ರೇ, ಸ್ಫೋಟಕದ ಕುರುಹು ಹುಡುಕುವ ಪರೀಕ್ಷೆ, ಆಮೇಲೆ ಮನುಷ್ಯರ ಕೈ ಮುಟ್ಟಿ ನೋಡುವುದು. ಮಾಲೆ ಹಾಕಿದ ಸ್ವಾಮಿಯ ಇರುಮುಡಿ ತಲೆಯಿಂದಿಳಿದು ಟ್ರೇಯಲ್ಲಿ ಕೂತು ಯಂತ್ರದೊಳಗೆ ಹೋಗಿ, ಆಚೆ ಬದಿಯಲ್ಲಿ ಮತ್ತೆ ತಲೆಯೇರಿತು.