ಖುಬಾನಿ ತಿಂದ್ರೆ ರಕ್ತ ಏರುತ್ತಾ? ಲೆಕ್ಕ ಹಾಕೇ ನೋಡೋಣ

ಹೋದ ತಿಂಗಳು ಒಬ್ರು ಅಕ್ಕ ಬಂದು ಬ್ಯಾಗಿಂದ ಒಂದು ಪ್ಯಾಕೆಟ್ ತೆಗೆದು ನನ್ನ ಟೇಬಲ್ ಮೇಲಿಟ್ರು. ಒಳಗೆ ಖುಬಾನಿ, ಅಂದ್ರೆ ಒಣಗಿದ ಏಪ್ರಿಕಾಟ್, ಕಿತ್ತಳೆ ಬಣ್ಣ ಅಂದ್ರೆ ಕಣ್ಣಿಗೆ ಹೊಡೆಯೋ ಹಾಗೆ. "ಮೇಡಂ, ಎರಡ್ ತಿಂಗ್ಳಾತು, ದಿನಾ ಐದೈದು ತಿನ್ಲಕತ್ತೀನ್ರಿ, ರಕ್ತ ಯಾಕ ಏರವಲ್ದು?" ಹಿಮೋಗ್ಲೋಬಿನ್ ಆಗಲೂ 9, ಈಗಲೂ 9 ಚಿಲ್ಲರೆ. ಕೆದಕಿ ಕೇಳಿದ್ಮೇಲೆ ಗೊತ್ತಾಯ್ತು, ಐರನ್ ಮಾತ್ರೆ ಹೊಟ್ಟೆ ಕೆಡಿಸುತ್ತೆ ಅಂತ ಅದನ್ನ ನಿಲ್ಲಿಸಿ, ಅದರ ಬದಲಿಗೆ ಇದನ್ನ ಶುರು ಮಾಡಿದ್ರು.

ನಾನು ಕ್ಯಾಲ್ಕುಲೇಟರ್ ತೆಗೆದೆ. 100 ಗ್ರಾಂ ಒಣ ಏಪ್ರಿಕಾಟಲ್ಲಿ ಸುಮಾರು 2.7 ಮಿಲಿಗ್ರಾಂ ಕಬ್ಬಿಣ ಇರುತ್ತೆ, ಐದು ಹಣ್ಣು ಅಂದ್ರೆ ಹತ್ತಿರ ಹತ್ತಿರ 40 ಗ್ರಾಂ, ಅಲ್ಲಿಗೆ ಸಿಗೋದು 1 ಮಿಲಿಗ್ರಾಂ ಚೂರು ಮೇಲೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪ್ರಕಾರ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು. ಸರ್ಕಾರಿ ಐರನ್ ಮಾತ್ರೆ ಒಂದರಲ್ಲೇ 60 ಮಿಲಿಗ್ರಾಂ ಇರುತ್ತೆ, ಅಷ್ಟನ್ನ ಏಪ್ರಿಕಾಟಿಂದ ತಗೋಬೇಕು ಅಂದ್ರೆ ದಿನಾ ಎರಡು ಕೆಜಿ ಮೇಲೆ ತಿನ್ಬೇಕು! ಅಕ್ಕ ನಕ್ಕುಬಿಟ್ರು, "ಮನಿ ಮಾರ್ಬೇಕಾಗ್ತದ ಬಿಡ್ರಿ" ಅಂದ್ರು. ಮಾತ್ರೆನ ಊಟ ಆದ್ಮೇಲೆ ತಗೊಳ್ಳಿ, ಜೊತೆಗೆ ನಿಂಬೆಹಣ್ಣು ಹಿಂಡಿದ್ದು ಏನಾದ್ರೂ ಇರಲಿ, ಚಹಾ ಮಾತ್ರ ಒಂದೆರಡು ಗಂಟೆ ದೂರ ಇಡಿ ಅಂತ ಹೇಳಿ ಕಳಿಸಿದೆ.

ಹಾಗಂತ ಖುಬಾನಿ ದಂಡ ಅಂತಲ್ಲ. ಇದರ ನಿಜವಾದ ಕೆಲಸ ಹೊಟ್ಟೆಲಿ. 100 ಗ್ರಾಂಗೆ 7 ಗ್ರಾಂ ನಾರು, ಮೇಲಿಂದ ಸಾರ್ಬಿಟಾಲ್ ಅನ್ನೋ ಸಕ್ಕರೆ ಜಾತಿದು ಒಂದಿದೆ, ಅದು ಕರುಳಲ್ಲಿ ನೀರು ಹಿಡಿದಿಡುತ್ತೆ, ಅದಕ್ಕೇ ರಾತ್ರಿ ನಾಲ್ಕು ನೆನೆಹಾಕಿ ಬೆಳಿಗ್ಗೆ ನೀರಿನ ಸಮೇತ ತಿಂದ್ರೆ ಮಲಬದ್ಧತೆ ಇರೋರಿಗೆ ಆರಾಮ, ಜಾಸ್ತಿ ತಿಂದ್ರೆ ಮಾತ್ರ ಆಫೀಸಲ್ಲಿ ಕೂರೋದು ಕಷ್ಟ. ಎ ವಿಟಮಿನ್ ಆಗೋ ಬೀಟಾ ಕೆರೋಟಿನ್ ಇದೆ, ಪೊಟ್ಯಾಸಿಯಂ ಅಂತೂ 100 ಗ್ರಾಂಗೆ 1,100 ಮಿಲಿಗ್ರಾಂ ದಾಟುತ್ತೆ. ಈ ಕೊನೇದು ಕಿಡ್ನಿ ತೊಂದರೆ ಇರೋರಿಗೆ ಒಳ್ಳೇ ಸುದ್ದಿ ಅಲ್ಲ, ಅವರು ಡಾಕ್ಟರ್ ಕೇಳದೆ ಮುಟ್ಟಲೇಬೇಡಿ. ಶುಗರ್ ಇರೋರು ಎರಡು ಮೂರಕ್ಕೆ ನಿಲ್ಲಿಸಿ, ಯಾಕಂದ್ರೆ ತೂಕದ ಅರ್ಧದಷ್ಟು ಸಕ್ಕರೆನೇ.

ಈಗ ಬಣ್ಣದ ವಿಷಯ. ಬಿಸಿಲಲ್ಲಿ ಸುಮ್ನೆ ಒಣಗಿಸಿದ ಏಪ್ರಿಕಾಟ್ ಕಂದು ಬಣ್ಣಕ್ಕೆ ತಿರುಗುತ್ತೆ, ಖರ್ಜೂರದ ತಮ್ಮನ ಹಾಗೆ. ಕಿತ್ತಳೆಯಾಗೇ ಉಳಿಬೇಕಂದ್ರೆ ಗಂಧಕದ ಹೊಗೆ ಕೊಡ್ತಾರೆ. ಟರ್ಕಿಯ ಮಲಾಟ್ಯ ಕಡೆಯಿಂದ ಬರೋ, ಬೀಜ ತೆಗೆದ ಮೆತ್ತನೇ ಹಣ್ಣುಗಳಲ್ಲಿ ಹೆಚ್ಚಿನವು ಹೀಗೇ, ಪ್ಯಾಕೆಟ್ ಹಿಂದೆ ಸಲ್ಫರ್ ಡೈಆಕ್ಸೈಡ್ (ಅದೇ ಗಂಧಕದ ಹೊಗೆ) ಅಂತಲೋ ಅದರ ಕೋಡ್ ನಂಬರ್ ಐಎನ್‌ಎಸ್ 220 ಅಂತಲೋ ಬರೆದಿರುತ್ತೆ. ಮಿತಿಯಲ್ಲಿದ್ರೆ ಬಹಳಷ್ಟು ಜನಕ್ಕೆ ಏನೂ ಆಗಲ್ಲ, ಆದ್ರೆ ಅಸ್ತಮಾ ಇರೋ ಕೆಲವರಿಗೆ ಇದರಿಂದ ಉಸಿರು ಕಟ್ಟುತ್ತೆ. ಅಂಥೋರು ಕಪ್ಪಗಿರೋದನ್ನೇ ತಗೊಳ್ಳಿ, ನೋಡೋಕೆ ಚೆಂದ ಇಲ್ಲ ನಿಜ, ನನಗಂತೂ ರುಚಿ ಅದರದ್ದೇ ಹೆಚ್ಚು.

ಲಡಾಖಲ್ಲಿ ಇದಕ್ಕೆ ಚುಲಿ ಅಂತಾರೆ. ಅಲ್ಲಿನ ರಕ್ತ್ಸೆ ಕರ್ಪೊ ಅನ್ನೋ ತಳಿಗೆ 2022ರಲ್ಲಿ ಜಿಐ ಟ್ಯಾಗ್, ಅಂದ್ರೆ ಇದು ಆ ಊರಿನದ್ದೇ ಅನ್ನೋ ಗುರುತು, ಸಿಕ್ತು. ಹೆಸರಲ್ಲಿ ರಕ್ತ ಇದೆ ಅಂತ ಮತ್ತೆ ಹಿಮೋಗ್ಲೋಬಿನ್‌ಗೆ ಗಂಟು ಹಾಕ್ಬೇಡಿ ಮಾರಾಯ್ರೆ, ಆ ಹೆಸರು ಅದರ ಬಿಳಿ ಬೀಜದಿಂದ ಬಂದಿದ್ದು.

ನಮ್ಮ ಕಲಬುರಗಿ, ಬೀದರ್ ಕಡೆಯವರಿಗೆ ಖುಬಾನಿ ಅಂದ್ರೆ ಡಯಟ್ ಅಲ್ಲ, ಮದುವೆ ಊಟ. 1956ರವರೆಗೂ ಹೈದರಾಬಾದ್ ರಾಜ್ಯದ ಜೊತೆ ಇದ್ದ ಊರುಗಳು, ಹಾಗಾಗಿ ಬಿರಿಯಾನಿ ಆದ್ಮೇಲೆ ಖುಬಾನಿ ಕಾ ಮೀಠಾ ಬರಲೇಬೇಕು. ಇದಕ್ಕೆ ಬೀಜ ಇರೋ ಗಟ್ಟಿ ಕಂದು ಖುಬಾನಿನೇ ಆಗ್ಬೇಕು. ಕಾಲು ಕೆಜಿ ತೊಳೆದು ಮುಳುಗೋಷ್ಟು ನೀರಲ್ಲಿ ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಉಬ್ಬಿರುತ್ತೆ, ಬೆರಳಲ್ಲಿ ಒತ್ತಿದ್ರೆ ಬೀಜ ಜಾರಿ ಆಚೆ ಬರುತ್ತೆ. ಅದೇ ನೀರಲ್ಲಿ ಸಣ್ಣ ಉರಿಲಿ ಬೇಯಿಸಿ, ಅರ್ಧ ಮೆತ್ತಗಾಗಿ ಅರ್ಧ ತುಂಡು ಉಳಿದಾಗ ಸಕ್ಕರೆ ಹಾಕಿ. ಮೊದಲೇ ಹಾಕಿದ್ರೆ ಹಣ್ಣು ಬಿರುಸಾಗುತ್ತೆ, ನಾನು ಒಮ್ಮೆ ಹಾಗೆ ಮಾಡಿ ನೆಂಟರ ಮುಂದೆ ಚಮಚದಲ್ಲಿ ಕತ್ತರಿಸಿ ತಿನ್ನೋ ಮೀಠಾ ಬಡಿಸಿದ್ದೀನಿ. ಮೇಲೆ ಕೆನೆ, ಜೊತೆಗೆ ಆ ಬೀಜ ಒಡೆದು ತೆಗೆದ ತಿರುಳು, ಬಾದಾಮಿ ಥರಾನೇ ಇರುತ್ತೆ.

ತಿರುಳು ಹಾಕೋ ಮುಂಚೆ ಒಂದನ್ನ ಚೂರು ಕಚ್ಚಿ ನೋಡಿ. ಕಹಿ ಇದ್ರೆ ಉಗುಳಿ, ಅಷ್ಟನ್ನೂ ಎಸೀರಿ, ಅದರಲ್ಲಿರೋ ಅಮಿಗ್ಡಾಲಿನ್ ಹೊಟ್ಟೆಗೆ ಹೋಗಿ ಸೈನೈಡ್ ಆಗುತ್ತೆ. ಈ ಅಮಿಗ್ಡಾಲಿನ್ನನ್ನೇ ವಿಟಮಿನ್ ಬಿ17, ಕ್ಯಾನ್ಸರಿಗೆ ಮದ್ದು ಅಂತ ವಾಟ್ಸಾಪಲ್ಲಿ ಹಂಚೋರಿದ್ದಾರೆ. ಅದು ವಿಟಮಿನ್ನೂ ಅಲ್ಲ, ಮದ್ದೂ ಅಲ್ಲ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2016ರಲ್ಲೇ ಹೇಳಿದೆ, ದೊಡ್ಡವರಿಗೂ ಹಸಿ ತಿರುಳು ಮೂರು ಸಣ್ಣವು ದಾಟಿದ್ರೆ ಸುರಕ್ಷಿತ ಮಿತಿ ಮೀರುತ್ತೆ ಅಂತ, ಪುಟ್ಟ ಮಕ್ಕಳಿಗಾದ್ರೆ ಒಂದೇ ಒಂದು ತಿಂದ್ರೂ ಆ ಮಿತಿ ಮೀರಬಹುದು.

ಆ ಅಕ್ಕ ಮೊನ್ನೆ ಮತ್ತೆ ಬಂದಿದ್ರು, ಮಾತ್ರೆ ತಪ್ಪದೆ ತಗೋತಿದ್ದಾರಂತೆ, ಹಿಮೋಗ್ಲೋಬಿನ್ 10 ದಾಟಿದೆ. ಉಳಿದ ಏಪ್ರಿಕಾಟ್ ಏನ್ ಮಾಡಿದ್ರಿ ಅಂದ್ರೆ, ಕತ್ತರಿಸಿ ಶಾವಿಗೆ ಪಾಯಸಕ್ಕೆ ಹಾಕಿದ್ರಂತೆ, ದ್ರಾಕ್ಷಿ ಬದಲಿಗೆ.