ಬೋರ್ಡ್ ಬದಲಾಯಿತು, ಟೈಮ್‌ಟೇಬಲ್ ಬದಲಾಗಲಿಲ್ಲ: ಅಮೆರಿಕದ ಮಿಡ್ಲ್ ಸ್ಕೂಲ್ ಸಾಗಿಬಂದ ದಾರಿ

ಅಮೆರಿಕದಲ್ಲಿ ಆರನೇ ಕ್ಲಾಸಿಗೆ ಕಾಲಿಡುವ ಮಗು ಸಾಮಾನ್ಯವಾಗಿ ಶಾಲೆಯನ್ನೂ ಬದಲಿಸಿ ಮಿಡ್ಲ್ ಸ್ಕೂಲಿಗೆ ಸೇರುತ್ತದೆ. ಐದನೆಯವರೆಗೆ ದಿನದ ಬಹುಪಾಲು ಒಂದೇ ಕೋಣೆ, ಒಬ್ಬರೇ ಟೀಚರ್. ಬೇಸಿಗೆ ರಜೆ ಮುಗಿಸಿ ಬಂದರೆ ಆರೇಳು ಟೀಚರುಗಳು, ಪೀರಿಯಡ್ಡಿಗೊಂದು ಕೋಣೆ, ನಂಬರ್ ತಿರುಗಿಸಿ ತೆಗೆಯುವ ಲಾಕರ್. ಹನ್ನೊಂದರ ಮಗುವಿನ ತಲೆಗೆ ಇಷ್ಟೆಲ್ಲ ಒಟ್ಟಿಗೆ ಯಾಕೆ ಕಟ್ಟುತ್ತಾರೆ ಎಂದು ಅಲ್ಲಿ ನೆಲೆಸಿರುವ ಕನ್ನಡದ ಅಪ್ಪ ಅಮ್ಮಂದಿರಿಗೂ ಅನ್ನಿಸುವುದುಂಟು. ಸಾಲದ್ದಕ್ಕೆ, ಒಂದೂರಲ್ಲಿ 6ರಿಂದ 8, ಪಕ್ಕದೂರಲ್ಲಿ ಬರೀ 7 ಮತ್ತು 8, ಇನ್ನೊಂದೂರಲ್ಲಿ ಕಿಂಡರ್‌ಗಾರ್ಟನ್‌ನಿಂದ 8ರವರೆಗೂ ಒಂದೇ ಶಾಲೆ.

ಮೊದಲಿದ್ದದ್ದು ಎಂಟು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಹೈಸ್ಕೂಲು. 1893ರಲ್ಲಿ ಹಾರ್ವರ್ಡ್ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ನೇತೃತ್ವದ ಹತ್ತು ಜನರ ಸಮಿತಿ, ಬೀಜಗಣಿತ, ಭಾಷೆಗಳಂಥ ಪಾಠಗಳನ್ನು ಇನ್ನಷ್ಟು ಬೇಗ ಶುರುಮಾಡಬೇಕೆಂದಿತು. ಹದಿಹರೆಯ ಬೇರೆಯೇ ಘಟ್ಟ ಎಂದು ಮನಶ್ಶಾಸ್ತ್ರಜ್ಞ ಸ್ಟಾನ್ಲಿ ಹಾಲ್ 1904ರಲ್ಲಿ ಎರಡು ಸಂಪುಟ ಬರೆದರು. 1909ರಲ್ಲಿ ಒಹಾಯೊದ ಕೊಲಂಬಸ್‌ನಲ್ಲಿ 7ರಿಂದ 9ರವರೆಗಿನ ಜೂನಿಯರ್ ಹೈಸ್ಕೂಲು ತೆರೆಯಿತು. ಎಂಟನೆಯದು ಮುಗಿಸಿ ದುಡಿಮೆಗೆ ಹೊರಟುಬಿಡುತ್ತಿದ್ದ ಮಕ್ಕಳನ್ನು ಇನ್ನೊಂದು ವರ್ಷವಾದರೂ ಉಳಿಸಿಕೊಳ್ಳುವ ಆಸೆ ಇಂಥ ಶಾಲೆಗಳ ಹಿಂದಿತ್ತು. ಆದರೆ ಒಂಬತ್ತನೆಯದು ಕಾಲೇಜು ಪ್ರವೇಶದ ಲೆಕ್ಕಕ್ಕೆ ಸೇರುತ್ತಿದ್ದರಿಂದ ಇಡೀ ಶಾಲೆ ಆ ತರಗತಿಯ ತಾಳಕ್ಕೆ ಕುಣಿಯಿತು. ಹೆಸರಿನಲ್ಲಿದ್ದ 'ಜೂನಿಯರ್' ಬಿಟ್ಟರೆ ಉಳಿದದ್ದೆಲ್ಲ ಹೈಸ್ಕೂಲೇ.

1963ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಸಮ್ಮೇಳನವೊಂದರಲ್ಲಿ ಶಿಕ್ಷಣತಜ್ಞ ವಿಲಿಯಂ ಅಲೆಕ್ಸಾಂಡರ್ ಇದನ್ನೇ ಎತ್ತಿ ಆಡಿದರು: ಈ ವಯಸ್ಸಿಗೆ ಹೈಸ್ಕೂಲಿನ ನಕಲು ಬೇಡ, ಅದಕ್ಕೇ ಆದ ಶಾಲೆ ಬೇಕು. ಆ ಮಾತು ಹರಡಿದ್ದೇನೋ ನಿಜ. ಆದರೆ ಮುಂದಿನ ಎರಡು ದಶಕಗಳಲ್ಲಿ ಸಾವಿರಾರು ಮಿಡ್ಲ್ ಸ್ಕೂಲುಗಳು ಎದ್ದದ್ದು ಅದೊಂದರಿಂದಲೇ ಅಲ್ಲ. ಯುದ್ಧಾನಂತರ ಹುಟ್ಟಿದ ಮಕ್ಕಳಿಂದ ಪ್ರಾಥಮಿಕ ಶಾಲೆಗಳು ತುಂಬಿ ತುಳುಕುತ್ತಿದ್ದವು. ಆರನೆಯದನ್ನು ಹೊರಗೆ ಸಾಗಿಸಿದರೆ ಕೋಣೆಗಳು ಸಿಗುತ್ತಿದ್ದವು. ಬಿಳಿಯ, ಕರಿಯ ಮಕ್ಕಳನ್ನು ಒಂದೇ ಶಾಲೆಗೆ ತರಬೇಕಾದ ಕಡೆಯೂ ಈ ಮರುವಿಂಗಡಣೆ ಅನುಕೂಲಕ್ಕೆ ಬಂತು. ಹೀಗಾಗಿ ಬಹಳ ಕಡೆ ಬದಲಾದದ್ದು ಹೊರಗಿನ ಬೋರ್ಡು ಮತ್ತು ತರಗತಿಗಳ ಸಂಖ್ಯೆ ಮಾತ್ರ.

ನಿಜವಾಗಿ ಬದಲಾಗಬೇಕಿದ್ದದ್ದು ಟೈಮ್‌ಟೇಬಲ್. ಮಾದರಿ ಸರಳ. ಗಣಿತ, ವಿಜ್ಞಾನ, ಇಂಗ್ಲಿಷ್, ಸಮಾಜ, ಈ ನಾಲ್ಕು ವಿಷಯದ ನಾಲ್ವರು ಶಿಕ್ಷಕರು ಒಂದು ತಂಡ. ಅವರ ಪಾಲಿಗೆ 100ರಿಂದ 120 ಮಕ್ಕಳು, ಬೇರೆ ಯಾರೂ ಇಲ್ಲ. ನಾಲ್ಕು ಕೋಣೆಗಳೂ ಅಕ್ಕಪಕ್ಕ, ಲಾಕರುಗಳು ಅದೇ ಕಾರಿಡಾರಿನಲ್ಲಿ. 45 ನಿಮಿಷದ ನಾಲ್ಕು ಪೀರಿಯಡ್ ಕೊಡುವ ಬದಲು ಮೂರು ಗಂಟೆಯ ಒಂದೇ ಗಟ್ಟಿ ಅವಧಿಯನ್ನು ತಂಡದ ಕೈಗೆ ಕೊಡಬೇಕು. ಪ್ರಯೋಗ ಇರುವ ದಿನ ವಿಜ್ಞಾನಕ್ಕೆ 90 ನಿಮಿಷ ಬೇಕೆಂದರೆ ನಾಲ್ವರೇ ಮಾತಾಡಿ ಹಂಚಿಕೊಳ್ಳುತ್ತಾರೆ, ಆಫೀಸಿಗೆ ಹೋಗಬೇಕಿಲ್ಲ.

ಈ ನಾಲ್ವರು ಮಾತಾಡಲು ಸಮಯ ಎಲ್ಲಿದೆ ಎಂಬಲ್ಲೇ ಇಡೀ ವ್ಯವಸ್ಥೆಯ ಜೀವ ಇರುವುದು. ತಂಡದ ಮಕ್ಕಳೆಲ್ಲ ಒಂದೇ ಹೊತ್ತಿಗೆ ಆಟ, ಸಂಗೀತ, ಚಿತ್ರಕಲೆಗೆ ಹೋದಾಗ ಮಾತ್ರ ನಾಲ್ವರಿಗೂ ಒಟ್ಟಿಗೆ ಬಿಡುವು. ಸ್ವಂತ ತಯಾರಿಗೆ ಒಂದು ಪೀರಿಯಡ್, ಇದಕ್ಕೆ ಇನ್ನೊಂದು. ಅಂದರೆ ಹೆಚ್ಚುವರಿ ಶಿಕ್ಷಕರು, ಹೆಚ್ಚುವರಿ ಸಂಬಳ. ಬಜೆಟ್ ಬಿಗಿಯಾದಾಗ ಮೊದಲು ಹಾರಿಹೋಗುವುದು ಇದೇ ಪೀರಿಯಡ್. ಸಂಗೀತದ ಟೀಚರನ್ನು ಎರಡು ಶಾಲೆಗೆ ಹಂಚಿದರೂ ಸಾಕು, ಬಿಡುವು ಒಡೆದುಹೋಗುತ್ತದೆ. ಬೀಜಗಣಿತದ ಮುಂದಿನ ಹಂತಕ್ಕೆ ಒಂದೇ ವಿಭಾಗ ಮಾಡಿದರೆ ಆ 25 ಮಕ್ಕಳು ಉಳಿದ ಪಾಠಗಳಲ್ಲೂ ಒಟ್ಟಿಗೇ ಸುತ್ತುತ್ತಾರೆ. ಯಾರೂ ಬಯಸದಿದ್ದರೂ ಜಾಣರು, ದಡ್ಡರು ಎಂಬ ವಿಂಗಡಣೆ ಇಡೀ ದಿನಕ್ಕೆ ಅಂಟಿಕೊಳ್ಳುತ್ತದೆ. ಇವೆಲ್ಲ ಆದಮೇಲೂ ಕಾಗದದಲ್ಲಿ 'ತಂಡ' ಇರುತ್ತದೆ, ಅದಕ್ಕೊಂದು ಹೆಸರು, ಟೀ ಶರ್ಟು ಕೂಡ.

ಇನ್ನೊಂದು ಅಂಗ 'ಅಡ್ವೈಸರಿ'. ಸುಮಾರು ಹದಿನೈದು ಮಂದಿ ಮಕ್ಕಳು, ಒಬ್ಬ ದೊಡ್ಡವರು, ದಿನಾ 20–25 ನಿಮಿಷ; ಮಗುವನ್ನು ಹೆಸರು ಹಿಡಿದು ಬಲ್ಲವರು ಶಾಲೆಯಲ್ಲಿ ಒಬ್ಬರಾದರೂ ಇರಲಿ ಎಂಬ ಲೆಕ್ಕ. ಏನು ಮಾಡಿಸಬೇಕೆಂದು ತರಬೇತಿ ಕೊಡದೆ ಶುರುಮಾಡಿದ ಕಡೆ ಅದು ಹಾಜರಿ ಮತ್ತು ಪ್ರಕಟಣೆಯ ಹೊತ್ತಾಗಿ ಉಳಿಯಿತು. ಗುಂಪು 25 ದಾಟಿದರೆ ಅದೂ ಇನ್ನೊಂದು ಕ್ಲಾಸೇ.

1989ರಲ್ಲಿ ಕಾರ್ನೆಗಿ ಸಂಸ್ಥೆಯ ಹದಿಹರೆಯ ಮಂಡಳಿ ತನ್ನ ವರದಿಯಲ್ಲಿ ಇದಕ್ಕೆಲ್ಲ ಮುದ್ರೆ ಒತ್ತಿತು: ದೊಡ್ಡ ಶಾಲೆಗಳನ್ನು ಸಣ್ಣ ಘಟಕಗಳಾಗಿ ಒಡೆಯಿರಿ, ಈ ವಯಸ್ಸಿನವರಿಗೆಂದೇ ಶಿಕ್ಷಕರನ್ನು ತಯಾರು ಮಾಡಿ. ಮಕ್ಕಳು ಸ್ವಾತಂತ್ರ್ಯ ಕೇಳುವ ವಯಸ್ಸಿಗೆ ಶಾಲೆ ಹಿಡಿತ ಬಿಗಿ ಮಾಡುತ್ತದೆ, ಮನೆಯಾಚೆ ಒಬ್ಬ ಹಿರಿಯರ ಆಸರೆ ಬೇಕಾದಾಗ ಶಿಕ್ಷಕರನ್ನು ದೂರ ಮಾಡುತ್ತದೆ ಎಂದು ಮನಶ್ಶಾಸ್ತ್ರಜ್ಞೆ ಜಾಕ್ವಲಿನ್ ಎಕಲ್ಸ್ ಮತ್ತು ಸಂಗಡಿಗರು ಅದೇ ಕಾಲದಲ್ಲಿ ತೋರಿಸಿದರು. 2002ರಲ್ಲಿ ಸಹಿಯಾದ ಒಕ್ಕೂಟ ಕಾನೂನು 3ರಿಂದ 8ರವರೆಗೆ ಪ್ರತಿವರ್ಷ ಓದು, ಗಣಿತದ ಪರೀಕ್ಷೆ ತಂದಿತು. ಹಿಂದುಳಿದ ಮಕ್ಕಳ ಅಂಕ ಮುಚ್ಚಿಡಲಾಗದಂತೆ ಮಾಡಿದ್ದು ಅದರ ಹೆಗ್ಗಳಿಕೆ. ಗಣಿತಕ್ಕೆ ಎರಡು ಪೀರಿಯಡ್ ಬೇಕಾದಾಗ ಚಿತ್ರಕಲೆ, ಅಡ್ವೈಸರಿಗಳೇ ಜಾಗ ಬಿಟ್ಟುಕೊಟ್ಟವು.

ಅದೇ ದಶಕದಲ್ಲಿ ಫಿಲಡೆಲ್ಫಿಯ, ಬಾಲ್ಟಿಮೋರ್, ಕ್ಲೀವ್‌ಲೆಂಡ್ ನಗರಗಳು ಕಿಂಡರ್‌ಗಾರ್ಟನ್‌ನಿಂದ 8ರವರೆಗಿನ ಶಾಲೆಯತ್ತ ಹೊರಳಿದವು. ಮಿಡ್ಲ್ ಸ್ಕೂಲಿಗೆ ಸೇರಿದ ವರ್ಷವೇ ಅಂಕ ಇಳಿಯುತ್ತದೆ, ಎಂಟನೆಯವರೆಗೂ ಚೇತರಿಸುವುದಿಲ್ಲ ಎಂದು ನ್ಯೂಯಾರ್ಕ್ ನಗರದ ಮಕ್ಕಳ ಬಗ್ಗೆ 2010ರಲ್ಲಿ ಬಂದ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಯನ ಈ ಹೊರಳಿಕೆಗೆ ಬಲ ಕೊಟ್ಟಿತು. ಆದರೆ ಒಂದು ತರಗತಿಗೆ ಒಟ್ಟು 40 ಮಕ್ಕಳಷ್ಟೇ ಇರುವ ಇಂಥ ಸಣ್ಣ ಶಾಲೆಯಲ್ಲಿ 6, 7, 8ಕ್ಕೆ ಗಣಿತಕ್ಕೆ ಒಬ್ಬರೇ ಶಿಕ್ಷಕರು. ಬ್ಯಾಂಡು, ಪ್ರಯೋಗಶಾಲೆ ಕನಸು.

ಈಚೆಗೆ ಚರ್ಚೆ ಗಡಿಯಾರಕ್ಕೆ ಬಂದಿದೆ. ಹದಿಹರೆಯದಲ್ಲಿ ರಾತ್ರಿ ನಿದ್ದೆ ಬರುವುದು ತಡವಾಗಿ. ಮಿಡ್ಲ್ ಮತ್ತು ಹೈಸ್ಕೂಲು 8:30ಕ್ಕೆ ಮೊದಲು ಶುರುವಾಗಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ಹೇಳಿತು. ಕ್ಯಾಲಿಫೋರ್ನಿಯಾದ ಕಾನೂನು 2022ರಲ್ಲಿ ಜಾರಿಗೆ ಬಂದಾಗ ಹೈಸ್ಕೂಲಿಗೆ 8:30 ಸಿಕ್ಕಿತು, ಮಿಡ್ಲ್ ಸ್ಕೂಲಿಗೆ 8. ಅವೇ ಬಸ್ಸುಗಳು ಎರಡು ಮೂರು ಸುತ್ತು ಹೊಡೆಯುವ ಊರುಗಳಲ್ಲಿ ಯಾರಾದರೂ ಮೊದಲ ಸುತ್ತು ಹತ್ತಲೇಬೇಕು.

ಭಾರತದಲ್ಲೂ 2020ರ ಶಿಕ್ಷಣ ನೀತಿ 6ರಿಂದ 8ನ್ನು ಬೇರೆ ಘಟ್ಟವಾಗಿ ಗುರುತಿಸಿದೆ. ಕರ್ನಾಟಕದ ಅನೇಕ ಹಿರಿಯ ಪ್ರಾಥಮಿಕ ಶಾಲೆಗಳು 7ಕ್ಕೆ ಮುಗಿಯುತ್ತವೆ, ಮಗು 8ಕ್ಕೆ ಹೈಸ್ಕೂಲಿಗೆ ಹೋಗುತ್ತದೆ. ಆ ಘಟ್ಟದ ನಡುವೆಯೇ ಶಾಲೆ ಬದಲು. 6ರಿಂದ 8ಕ್ಕೆಂದೇ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕವಂತೂ ನಡೆದಿದೆ. ಅವರು ಒಟ್ಟಿಗೆ ಕೂತು ಒಂದು ಮಗುವಿನ ಬಗ್ಗೆ ಮಾತಾಡುವ ಪೀರಿಯಡ್ಡಿಗೆ ಟೈಮ್‌ಟೇಬಲ್ಲಿನಲ್ಲಿ ಇನ್ನೂ ಕಾಲಂ ಆಗಬೇಕಿದೆ.